ಗೋಡೆ ಇದ್ದವರ ಖಾಸಗಿತನ

ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2018ರ ಸೆಪ್ಟೆಂಬರ್ 18ರಂದು ಒಂದು ತೀರ್ಪು ನೀಡಿತು. ವಯಸ್ಕರು ಸ್ವಂತ ಬಳಕೆಗಾಗಿ ಖಾಸಗಿ ಜಾಗದಲ್ಲಿ ಗಾಂಜಾ ಗಿಡ ಬೆಳೆಸುವುದು, ಇಟ್ಟುಕೊಳ್ಳುವುದು, ಸೇದುವುದು ಅಪರಾಧವಲ್ಲ ಎಂಬುದು ಅದರ ಸಾರ. ನ್ಯಾಯಮೂರ್ತಿ ರೇಮಂಡ್ ಝೋಂಡೊ ಬರೆದ ಈ ತೀರ್ಪಿಗೆ ಉಳಿದ ನ್ಯಾಯಮೂರ್ತಿಗಳೆಲ್ಲರ ಸಮ್ಮತಿಯಿತ್ತು. ನಶೆ ಹಾಳುಮಾಡಿದ ಮನೆಗಳನ್ನು ನಾವೆಲ್ಲ ಬಲ್ಲೆವು. ಗಾಂಜಾದ ವಕಾಲತ್ತು ಈ ಬರಹದ ಉದ್ದೇಶವಲ್ಲ. ಕತೆ ಬರೆಯುವವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತೀರ್ಪಿನಲ್ಲಿ ಬರುವ ‘ಖಾಸಗಿ’ ಎಂಬ ಕಲ್ಪನೆ.

ಈ ಮೊಕದ್ದಮೆಗೆ ಒಂದು ಪೂರ್ವಕಥೆಯಿದೆ. ಗ್ಯಾರೆತ್ ಪ್ರಿನ್ಸ್ ಕಾನೂನು ಓದಿದವರು, ರಾಸ್ತಫಾರಿ ಪಂಥದವರು. ಗಾಂಜಾ ಇಟ್ಟುಕೊಂಡದ್ದಕ್ಕೆ ಹಿಂದೆ ಶಿಕ್ಷೆಯಾಗಿತ್ತು, ಮುಂದೆಯೂ ಸೇದುವೆನೆಂದು ಅವರು ಬಚ್ಚಿಡದೆ ಹೇಳಿದ್ದರು. ಅದಕ್ಕಾಗಿ ವಕೀಲರ ಸಂಘ ಅವರ ನೋಂದಣಿಯನ್ನು ನಿರಾಕರಿಸಿತು. ಇದು ತನ್ನ ಧರ್ಮದ ಆಚರಣೆ ಎಂದು ಅವರು ಇದೇ ನ್ಯಾಯಾಲಯದಲ್ಲಿ ವಾದಿಸಿದರು. 2002ರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಪರವಾಗಿ, ಐವರು ವಿರುದ್ಧವಾಗಿ ನಿಂತು ಅವರು ಸೋತರು. ಹದಿನಾರು ವರ್ಷಗಳ ನಂತರ ಅದೇ ಪ್ರಿನ್ಸ್ ಖಾಸಗಿತನದ ಹಕ್ಕನ್ನು ಹಿಡಿದು ಬಂದಾಗ ಗೆದ್ದರು. ನಂಬಿಕೆಗೆ ಸಿಗದ ರಕ್ಷಣೆ ಮನೆಯ ಗೋಡೆಗೆ ಸಿಕ್ಕಿತು.

ಗೋಡೆಯ ಮಹತ್ವ ನಮಗೆ ಹೊಸದಲ್ಲ. ಖಲೀಫ ಉಮರ್ ರಾತ್ರಿಯ ಗಸ್ತಿನಲ್ಲಿ ಗೋಡೆ ಹತ್ತಿ, ಕುಡಿಯುತ್ತಿದ್ದವನೊಬ್ಬನನ್ನು ಹಿಡಿದ ಕಥೆಯನ್ನು ಹಲವರು ಕೇಳಿರಬಹುದು. ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದನಂತೆ ಆತ. ಇಣುಕಿ ನೋಡಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿದಿರಿ, ಅನುಮತಿ ಕೇಳದೆ ಒಳಬಂದಿರಿ. ಖಲೀಫರು ಹಿಂದಿರುಗಿದರು. ಮದ್ಯ ನಿಷಿದ್ಧವೆಂಬುದರಲ್ಲಿ ಅವರಿಬ್ಬರಿಗೂ ಸಂಶಯವಿರಲಿಲ್ಲ. ಪಾಪವೆಲ್ಲವನ್ನೂ ಹುಡುಕಿಕೊಂಡು ಹೋಗುವುದು ಆಳುವವನ ಕೆಲಸವಲ್ಲ ಎಂಬ ವಿವೇಕ ಅದರಲ್ಲಿದೆ.

ಆದರೆ ಗೋಡೆಯೇ ಇಲ್ಲದವನ ಗತಿಯೇನು? ‘ಖಾಸಗಿ’ ಪದದ ಬೇರು ಅರಬ್ಬಿಯ ‘ಖಾಸ್’. ಅದರ ಎದುರಿಗೆ ನಿಲ್ಲುವುದು ‘ಆಮ್’, ಅಂದರೆ ಜನಸಾಮಾನ್ಯರು. ಮಕ್ಕಳ ಎದುರಲ್ಲಿ, ಒಪ್ಪದ ಹಿರಿಯರ ಎದುರಲ್ಲಿ ಸೇದಲು ಅವಕಾಶವಿಲ್ಲವೆಂದು ತೀರ್ಪು ಹೇಳುತ್ತದೆ. ಇದು ಸರಿಯಾದ ಮಾತೇ. ಆದರೆ ಕೇಪ್‌ಟೌನಿನ ಖಯೆಲಿತ್ಶಾದಲ್ಲಿ ತಗಡಿನ ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡಿವೆ. ನೀರಿನ ನಲ್ಲಿಯೂ ಶೌಚಾಲಯವೂ ಹಲವರಿಗೆ ಹಂಚಿಕೆಯವು. ಒಂದೇ ಕೋಣೆಯಲ್ಲಿ ಮಕ್ಕಳು ಮಲಗುವಲ್ಲಿ ಖಾಸಗಿ ಜಾಗ ಯಾವುದು? ಹಿತ್ತಲಿದ್ದವನ ಗಿಡ ಹಕ್ಕಾಗುತ್ತದೆ, ಹಿತ್ತಲಿಲ್ಲದವನ ಗಿಡ ಪುರಾವೆಯಾಗುತ್ತದೆ.

ಆ ನೆಲದಲ್ಲಿ ನಿಷೇಧದ ಚರಿತ್ರೆಯೂ ಗೋಡೆಯಿಲ್ಲದವರಿಂದಲೇ ಮೊದಲಾದದ್ದು. 1860ರಿಂದ ಕಬ್ಬಿನ ತೋಟಗಳಿಗೆ ನಮ್ಮ ದೇಶದ ಕರಾರು ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದ ನಟಾಲ್ ವಸಾಹತು, 1870ರ ಕೂಲಿ ಕಾನೂನಿನಲ್ಲಿ ಅವರು ಗಾಂಜಾ ಸೇದುವುದನ್ನೂ ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು. ದೇಶಕ್ಕೆಲ್ಲ ನಿಷೇಧ ಬಂದದ್ದು 1920ರ ದಶಕದಲ್ಲಿ.

ತೀರ್ಪಿನ ಇನ್ನೊಂದು ಕೊರತೆ ಬೆಳೆಗಾರನದು. ಮಾರುವುದು, ಕೊಳ್ಳುವುದು ಅಪರಾಧವಾಗಿಯೇ ಉಳಿಯಿತು. ಹಾಗಾದರೆ ಮೊದಲ ಬೀಜ ಬರುವುದಾದರೂ ಎಲ್ಲಿಂದ? ಪೂರ್ವ ಕೇಪಿನ ಪೊಂಡೊಲ್ಯಾಂಡಿನ ಗುಡ್ಡಗಳಲ್ಲಿ ಬಡ ರೈತರು ತಲೆಮಾರುಗಳಿಂದ ಇದನ್ನು ಬೆಳೆದು ಮಕ್ಕಳನ್ನು ಓದಿಸಿದ್ದಾರೆ. ಅವರ ಹೊಲಗಳ ಮೇಲೆ ಪೊಲೀಸರು ಹೆಲಿಕಾಪ್ಟರಿನಿಂದ ಕಳೆನಾಶಕ ಸುರಿಸುತ್ತಿದ್ದರು. ಸೇದುವವನನ್ನು ಬಿಡುಗಡೆ ಮಾಡಿದ ತೀರ್ಪು ಬೆಳೆದು ಬದುಕುವವನನ್ನು ಅಲ್ಲೇ ಬಿಟ್ಟಿತು. ಕಾಯ್ದೆ ತಿದ್ದಲು ಸಂಸತ್ತಿಗೆ ಕೊಟ್ಟದ್ದು 24 ತಿಂಗಳು. ಅಧ್ಯಕ್ಷ ಸಿರಿಲ್ ರಾಮಫೋಸಾ ಹೊಸ ಕಾಯ್ದೆಗೆ ಸಹಿ ಹಾಕಿದ್ದು 2024ರ ಮೇ ತಿಂಗಳಲ್ಲಿ. ಅದರಲ್ಲಿಯೂ ಮಾರಾಟಕ್ಕೆ ದಾರಿಯಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಬಾರದೆ ಇರದು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಆದರೆ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಗಾಂಜಾ ಗಿಡ ಬೆಳೆಸಿದವನಿಗೆ, ಗಿಡ ಒಂದೇ ಇದ್ದರೂ, ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಾಹಿತಿಯನ್ನು ಬರೆದಿಟ್ಟುಕೊಂಡ ಅಧಿಕಾರಿ ಹಗಲು ಹೊತ್ತಿನಲ್ಲಿ ವಾರಂಟ್ ಇಲ್ಲದೆಯೇ ಮನೆ ಶೋಧಿಸಬಹುದು. ಅದೇ ಕಾಯ್ದೆಯ ‘ಗಾಂಜಾ’ದ ವ್ಯಾಖ್ಯೆಯಿಂದ ಬರಿಯ ಎಲೆ ಹೊರಗಿದೆ, ಹಾಗಾಗಿ ಉತ್ತರ ಭಾರತದ ಕೆಲವೆಡೆ ಭಂಗಿಗೆ ಸರಕಾರಿ ಪರವಾನಗಿಯ ಅಂಗಡಿಗಳಿವೆ.

ಮನೆಗೆ ಎಷ್ಟು ಗಿಡ ಎಂಬ ಲೆಕ್ಕದಿಂದ ಆ ಚರ್ಚೆ ನಮ್ಮಲ್ಲಿ ಮೊದಲಾಗಬಾರದು. ಬಂಗಲೆಯ ಗೇಟಿನ ಮುಂದೆ ನಿಂತು ಅನುಮತಿ ಕೇಳುವ ಪೊಲೀಸು, ಕೊಳೆಗೇರಿಯ ಗೋಣಿಪರದೆಯ ಮುಂದೆಯೂ ಹಾಗೆಯೇ ನಿಲ್ಲುವನೇ ಎಂಬುದನ್ನು ಮೊದಲು ಕೇಳಬೇಕು.