ಗಡಿ ದಾಟದ ವಿದ್ಯಾರ್ಥಿವೇತನ

ಗೋವಾದ ಝುವಾರಿನಗರದಲ್ಲಿ ಎರಡು ಬಗೆಯ ಹೊರಗಿನವರು ಅಕ್ಕಪಕ್ಕದಲ್ಲೇ ಇದ್ದಾರೆ. 2004ರಲ್ಲಿ ಶುರುವಾದ ಬಿಟ್ಸ್ ಪಿಲಾನಿ ಕ್ಯಾಂಪಸ್ಸಿಗೆ ದೇಶದ ಮೂಲೆಮೂಲೆಯಿಂದ ಓದಲು ಬಂದವರು ಒಂದು ಬಗೆ. ಅಲ್ಲಿ ಗೊಬ್ಬರದ ಕಾರ್ಖಾನೆ ಎದ್ದ 1970ರ ದಶಕದಿಂದ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಸೀಮೆಗಳಿಂದ ದುಡಿಯಲು ಬಂದು ನೆಲೆಸಿದವರು ಇನ್ನೊಂದು ಬಗೆ. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 68 ಸಾವಿರ. ನೂರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು. ವಾಸ್ಕೋದ ಬಾಯ್ನಾ, ಮಡಗಾಂವದ ಮೋತಿ ಡೋಂಗರ್, ಚಿಂಬೆಲ್ಲಿನ ಇಂದಿರಾನಗರ ಇವರ ಕೇರಿಗಳು. ಗೌಂಡಿ, ಸೆಂಟ್ರಿಂಗ್, ಬಂದರಿನ ಹಮಾಲಿ, ಮನೆಗೆಲಸ, ಬೀಚಿನ ಮೇಲೆ ಮಣಿಸರ ಮಾರುವುದು ಇವರ ದುಡಿಮೆ. ಈ ಮನೆಗಳ ಮಕ್ಕಳು ಈಗ ಗೋವಾ ಬೋರ್ಡಿನ ಹನ್ನೆರಡನೇ ತರಗತಿ ಮುಗಿಸಿ ಝುವಾರಿನಗರದ ಎಂಇಎಸ್ ಕಾಲೇಜಿಗೋ ಫರ್ಮಾಗುಡಿಯ ಎಂಜಿನಿಯರಿಂಗ್ ಕಾಲೇಜಿಗೋ ಹೋಗುವ ಹೊತ್ತಿಗೆ ಎದುರಾಗುವುದು ಫೀ. ಫೀ ಕಟ್ಟಲು ಸರ್ಕಾರದ ನೆರವು ಇದೆ. ಆ ನೆರವಿಗೆ ಒಂದು ಅರ್ಜಿ ಇದೆ. ಇಲ್ಲಿ ಬೆಲೆ ಕಟ್ಟಬೇಕಾಗಿರುವುದು ಆ ಅರ್ಜಿಗೆ.

ಕಥೆಗೆ ಒಬ್ಬ ನಾಯಕನಿರುವಂತೆ ಅರ್ಜಿಯ ನಮೂನೆಗೂ ಒಬ್ಬ ಇರುತ್ತಾನೆ. ಅದನ್ನು ರೂಪಿಸಿದವರು ಮನಸ್ಸಿನಲ್ಲಿ ಇಟ್ಟುಕೊಂಡ ಅರ್ಜಿದಾರ ಅವನು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ಲಿನ ಕಲಮುಗಳನ್ನು ಒಂದೊಂದಾಗಿ ಓದಿದರೆ ಅವನ ಚಹರೆ ಕಾಣುತ್ತದೆ. ಹುಟ್ಟಿದ್ದು, ಓದಿದ್ದು, ಇರುವುದು ಎಲ್ಲ ಒಂದೇ ರಾಜ್ಯದಲ್ಲಿ. ಅಪ್ಪನ ಹೆಸರು ಆಧಾರ್, ಅಂಕಪಟ್ಟಿ, ಜಾತಿ ಪತ್ರ ಮೂರರಲ್ಲೂ ಒಂದೇ ಕಾಗುಣಿತದಲ್ಲಿದೆ. ಮನೆಗೆ ನಂಬರಿದೆ, ಲೈಟ್ ಬಿಲ್ಲು ಮನೆಯವರ ಹೆಸರಿನಲ್ಲೇ ಬರುತ್ತದೆ. ವಲಸೆ ಬಂದ ಮನೆಯ ಹುಡುಗಿಗೆ ಇವುಗಳಲ್ಲಿ ಯಾವುದೂ ಸಲೀಸಲ್ಲ. ಊರಿನ ಶಾಲೆಯಲ್ಲಿ ಬರೆಸಿದ ಅಡ್ಡಹೆಸರು ಗೋವಾದ ಶಾಲೆಯಲ್ಲಿ ಬಿಟ್ಟುಹೋಗಿರುತ್ತದೆ. ಮನೆ ಇರುವುದು ಊರ ಸಮುದಾಯದ ಒಡೆತನದ ಕೊಮುನಿದಾದ್ ಜಮೀನಿನ ಮೇಲೆ, ಇಲ್ಲವೇ ಬಾಡಿಗೆ ಕೋಣೆಯಲ್ಲಿ. ಬಿಲ್ಲು ಮಾಲೀಕನ ಹೆಸರಿನಲ್ಲಿ. ಮಾಮಲೇದಾರ (ತಹಶೀಲ್ದಾರ) ಕಚೇರಿಯ ಆದಾಯ ಪತ್ರಕ್ಕೂ ವಾಸದ ಪತ್ರಕ್ಕೂ ಇವೇ ಪುರಾವೆಗಳು ಬೇಕು. ಆದರೂ ಇವು ಓಡಾಡಿದರೆ, ಅಫಿಡವಿಟ್ ಮಾಡಿಸಿದರೆ, ಸೈಬರಿನವನಿಗೆ ಮತ್ತೆಮತ್ತೆ ದುಡ್ಡು ಕೊಟ್ಟರೆ ಬಗೆಹರಿಯುವ ತೊಡಕುಗಳು. ಎಷ್ಟು ಓಡಾಡಿದರೂ ಬಗೆಹರಿಯದ ತೊಡಕು ಬೇರೆ ಇದೆ.

ಅದಕ್ಕೆ ಹೋಗುವ ಮೊದಲು ಒಂದು ಮಾತು ಒಪ್ಪಬೇಕು. ಈ ಪದ್ಧತಿ ಹಳೆಯದಕ್ಕಿಂತ ಮೇಲು. ನಮ್ಮಲ್ಲಿ ಬಡ ಹುಡುಗರ ಓದಿಗೆ ಮೊದಲು ಇದ್ದದ್ದು ವಾರಾನ್ನ, ಮಠದ ಪ್ರಸಾದ ನಿಲಯ, ದಾನಿಗಳ ದತ್ತಿ. ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು; ಅದರಿಂದ ಓದಿದವರ ಸಂಖ್ಯೆ ದೊಡ್ಡದು. ಆದರೆ ವಾರಾನ್ನದ ಮನೆ ಜಾತಿ ನೋಡಿಯೇ ಎಲೆ ಹಾಕುತ್ತಿತ್ತು, ದತ್ತಿಗಳಿಗೂ ತಮ್ಮ ತಮ್ಮ ಸಮುದಾಯದ ಎಲ್ಲೆ ಇತ್ತು. ಆ ಎಲ್ಲೆಗಳ ಹೊರಗೆ ಉಳಿದವರಿಗಾಗಿಯೇ 1944ರಲ್ಲಿ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹುಟ್ಟಿತು. ಅದು ಯಾರ ದಯೆಯೂ ಅಲ್ಲ, ಹಕ್ಕು. ಇಷ್ಟೇ ಮಂದಿಗೆ ಎಂಬ ಮಿತಿ ಅದಕ್ಕಿಲ್ಲ, ಅರ್ಹರಾದವರಿಗೆಲ್ಲ ಸಲ್ಲಬೇಕು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಈ ಯೋಜನೆಯ ಖರ್ಚನ್ನು ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂದು ಹಂಚಿತು. ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬೀಳುವಂತೆ ಮಾಡಿತು. ಪ್ರವೇಶದ ಹೊತ್ತಿಗೇ ಫೀ ಕಟ್ಟಬೇಕಾಗದಂತೆ ಫ್ರೀಶಿಪ್ ಕಾರ್ಡಿಗೂ ನಿಯಮದಲ್ಲಿ ಜಾಗವಿದೆ. ಮನೆಯಿಂದ ಓಡಾಡಿ ಬಿಎ, ಬಿಕಾಂ ಓದುವವರಿಗೆ ಕಡ್ಡಾಯ ಫೀ ಅಲ್ಲದೆ ವರ್ಷಕ್ಕೆ 3,000 ರೂಪಾಯಿ, ಹಾಸ್ಟೆಲಿನಲ್ಲಿ ಇರುವವರಿಗೆ 6,000. ಮೊತ್ತ ಸಣ್ಣದೇ. ಆದರೂ ಫೀಯೇ ದೊಡ್ಡ ಗೋಡೆಯಾದ ಮನೆಗೆ ಅದು ಸಣ್ಣದಲ್ಲ.

ಇನ್ನು ತೊಡಕು. ಗೋವಾದ ಪರಿಶಿಷ್ಟ ಜಾತಿಗಳ ಪಟ್ಟಿಯನ್ನು 1968ರ ರಾಷ್ಟ್ರಪತಿಗಳ ಆದೇಶ ಹೊರಡಿಸಿತು. ಅದರಲ್ಲಿರುವುದು ಭಂಗಿ, ಚಾಂಭಾರ, ಮಹಾರ, ಮಹ್ಯಾವಂಶಿ, ಮಾಂಗ ಎಂಬ ಐದೇ ಜಾತಿ. ಕರ್ನಾಟಕದ ಪಟ್ಟಿಯಲ್ಲಿ 101 ಇವೆ. ಗೋವಾದ ಬೀಚುಗಳಲ್ಲಿ, ಕಟ್ಟಡದ ಕೆಲಸದಲ್ಲಿ ಬಹಳವಾಗಿ ಕಾಣುವ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗೋವಾದ ಪಟ್ಟಿಯಲ್ಲಿ ಅವರಿಲ್ಲ. ಭೋವಿಗಳದೂ ಮಾದಿಗರದೂ ಇದೇ ಕಥೆ. ಹೆಸರು ಎರಡೂ ಪಟ್ಟಿಯಲ್ಲಿ ಇದ್ದರೂ ಬಿಡುಗಡೆಯಿಲ್ಲ. ಪಟ್ಟಿ ಹೊರಟ ಕಾಲಕ್ಕೆ ಕುಟುಂಬದ ಕಾಯಂ ವಾಸ ಎಲ್ಲಿತ್ತು ಎನ್ನುವುದರ ಮೇಲೆ ಸ್ಥಾನಮಾನ ನಿಲ್ಲುತ್ತದೆ. ವಲಸೆ ಹೋದವರಿಗೆ ಮೂಲ ರಾಜ್ಯದ ಸೌಲಭ್ಯವೇ ಹೊರತು ಹೋದ ರಾಜ್ಯದ್ದಲ್ಲ ಎಂದು ಕೇಂದ್ರ ಗೃಹ ಸಚಿವಾಲಯ 1985ರಲ್ಲಿ ಸ್ಪಷ್ಟಪಡಿಸಿದೆ. ವಿದ್ಯಾರ್ಥಿವೇತನದ ನಿಯಮವಾದರೋ ಅರ್ಜಿದಾರ ಎಲ್ಲಿ ಕಾಯಂ ನೆಲೆಸಿದ್ದಾನೋ ಆ ರಾಜ್ಯಕ್ಕೆ ಸಂಬಂಧಿಸಿ ಪರಿಶಿಷ್ಟ ಜಾತಿಯವನಾಗಿರಬೇಕು ಎನ್ನುತ್ತದೆ. ಎರಡನ್ನೂ ಕೂಡಿಸಿ ಓದಿದರೆ ವಾಸ್ಕೋದಲ್ಲಿ ಹುಟ್ಟಿದ ಲಂಬಾಣಿ ಹುಡುಗಿ ನೆಲೆಸಿರುವ ರಾಜ್ಯದಲ್ಲಿ ಪರಿಶಿಷ್ಟಳಲ್ಲ, ಪರಿಶಿಷ್ಟಳಾಗಿರುವ ರಾಜ್ಯದಲ್ಲಿ ನೆಲೆಸಿಲ್ಲ.

ಕರ್ನಾಟಕದ ಬಾಗಿಲು ತಟ್ಟಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ವಿದ್ಯಾರ್ಥಿವೇತನಕ್ಕೆ ಅಲ್ಲಿನ ಎಸ್‌ಎಸ್‌ಪಿ ಪೋರ್ಟಲ್ ಕೇಳುವುದು ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ. ಜಾತಿಯ ಪತ್ರ ಅಜ್ಜನ ಊರಿನಿಂದ ಸಿಗಬಹುದು. ಆದಾಯದ ಪತ್ರ? ದುಡಿಮೆ ಗೋವಾದ್ದು, ಕೂಲಿ ಗೋವಾದ್ದು. ವರ್ಷಕ್ಕೊಮ್ಮೆ ಜಾತ್ರೆಗೆ ಬರುವ ಮನೆಯ ಆದಾಯವನ್ನು ಊರಿನ ಗ್ರಾಮ ಆಡಳಿತ ಅಧಿಕಾರಿ ಯಾವ ಆಧಾರದ ಮೇಲೆ ಬರೆಯಬೇಕು? ಅವನು ಬರೆದರೆ ಸುಳ್ಳು, ಬರೆಯದಿದ್ದರೆ ಹುಡುಗಿಗೆ ನೆರವಿಲ್ಲ. ಬಡವರನ್ನು ಸುಳ್ಳಿನ ಕಡೆಗೆ ತಳ್ಳುವ ನಮೂನೆಯನ್ನು ಒಳ್ಳೆಯ ನಮೂನೆ ಎನ್ನಲಾಗದು.

ರಾಜ್ಯಕ್ಕೊಂದು ಪಟ್ಟಿ ಎಂಬ ಈ ಕಟ್ಟಳೆಯ ಹಿಂದೆ ತರ್ಕವೇ ಇಲ್ಲ ಎಂದಲ್ಲ. 1990ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮರ್ರಿ ಚಂದ್ರಶೇಖರ ರಾವ್ ಪ್ರಕರಣ ಕಾಲೇಜು ಪ್ರವೇಶದ್ದೇ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ, ಅಪ್ಪನ ನೌಕರಿಯಿಂದಾಗಿ ಮುಂಬೈಯಲ್ಲಿ ಬೆಳೆದ ವಿದ್ಯಾರ್ಥಿ ಅಲ್ಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದ್ದರು. ಹಿಂದುಳಿದಿರುವಿಕೆ ಆಯಾ ನೆಲಕ್ಕೆ ಅಂಟಿಕೊಂಡದ್ದು, ಒಂದು ರಾಜ್ಯದ ಪಟ್ಟಿ ಇನ್ನೊಂದು ರಾಜ್ಯಕ್ಕೆ ತಾನಾಗಿ ಬರುವುದಿಲ್ಲ ಎಂದಿತು ಕೋರ್ಟು. 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಇದನ್ನೇ ಎತ್ತಿಹಿಡಿಯಿತು. ಗೋವಾದ ಮಟ್ಟಿಗೆ ಈ ತರ್ಕಕ್ಕೆ ತೂಕವಿದೆ. ಅಲ್ಲಿನ ಪರಿಶಿಷ್ಟ ಜಾತಿಯವರು ಜನಸಂಖ್ಯೆಯಲ್ಲಿ ನೂರಕ್ಕೆ ಎರಡೂ ಇಲ್ಲ. ಅವರಿಗೆಂದು ಇಟ್ಟ ಬೆರಳೆಣಿಕೆಯ ಸೀಟುಗಳಿಗೆ ಹೊರಗಿನಿಂದ ಬಂದವರನ್ನೂ ಬಿಟ್ಟರೆ ಗೋವಾದ ಮಹಾರ ಹುಡುಗನ ಅನ್ನಕ್ಕೆ ಕೈ ಹಾಕಿದಂತೆ.

ಆದರೆ ಈ ತರ್ಕ ಸೀಟಿನದು. ವಿದ್ಯಾರ್ಥಿವೇತನ ಸೀಟಲ್ಲ. ಎಂಜಿನಿಯರಿಂಗ್ ಕಾಲೇಜಿನ ಒಂದು ಸೀಟು ಒಬ್ಬರಿಗೆ ಹೋದರೆ ಇನ್ನೊಬ್ಬರಿಗೆ ತಪ್ಪುತ್ತದೆ. ಮಿತಿಯಿಲ್ಲದ ವಿದ್ಯಾರ್ಥಿವೇತನ ಲಂಬಾಣಿ ಹುಡುಗಿಗೆ ಸಿಕ್ಕರೆ ಮಹಾರ ಹುಡುಗನದು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಹಂಚಿಕೊಳ್ಳಬೇಕಾದ ವಸ್ತುವಿಗೆಂದು ಹಾಕಿದ ಬೇಲಿಯನ್ನು ಹಂಚಿಕೊಳ್ಳಬೇಕಿಲ್ಲದ ವಸ್ತುವಿನ ಸುತ್ತಲೂ ಹಾಕಿರುವುದೇ ಈ ಪದ್ಧತಿಯ ಮುಖ್ಯ ದೋಷ. ಎರಡನ್ನೂ ಬಿಡಿಸಿ ನೋಡುವ ಗೋಜಿಗೆ ನಿಯಮ ಬರೆದವರು ಹೋಗಲಿಲ್ಲ. 1990ರ ತೀರ್ಪಂತೂ ವಲಸೆ ಕುಟುಂಬಗಳ ಕಷ್ಟವನ್ನು ಗುರುತಿಸಿ, ಶಾಸನದ ದಾರಿಯನ್ನು ಸಂಸತ್ತಿಗೆ ಬಿಟ್ಟಿತ್ತು. ಆ ದಾರಿಯಲ್ಲಿ ಯಾರೂ ನಡೆದಿಲ್ಲ.

ಈ ನಿಯಮಗಳ ಅಳತೆಗೆ ಅಂಬೇಡ್ಕರರನ್ನೇ ನಿಲ್ಲಿಸಿ ನೋಡಬಹುದು. ಮೂಲ ರತ್ನಾಗಿರಿ ಜಿಲ್ಲೆ, ಹುಟ್ಟಿದ್ದು ಮಹೂ ದಂಡುಪ್ರದೇಶದಲ್ಲಿ, ಓದಿದ್ದು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ, ಹಣ ಕೊಟ್ಟದ್ದು ಬರೋಡದ ಸಯಾಜಿರಾವ್ ಗಾಯಕವಾಡ. 1913ರಲ್ಲಿ ಕೊಲಂಬಿಯಕ್ಕೆ ಹೋದದ್ದೂ ಬರೋಡದ ಹಣದಿಂದಲೇ, ಮರಳಿ ಬಂದು ಸಂಸ್ಥಾನದಲ್ಲಿ ಸೇವೆ ಮಾಡಬೇಕೆಂಬ ಕರಾರಿನ ಮೇಲೆ. ಸೈನಿಕ ಅಪ್ಪನೊಂದಿಗೆ ಊರೂರು ಸುತ್ತಿದ ಆ ಹುಡುಗನನ್ನು ನೀನು ಬರೋಡದವನೇ ಎಂದು ಮೊದಲು ಕೇಳಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ರಾಜನ ಮರ್ಜಿಗಿಂತ ಪ್ರಜೆಯ ಹಕ್ಕು ದೊಡ್ಡದು, ನಿಜ. ಆದರೆ ಮರ್ಜಿ ದಾಟಿದ ಗಡಿಯನ್ನು ಹಕ್ಕು ದಾಟಲಾರದೆ ನಿಂತಿದ್ದರೆ ಹಕ್ಕನ್ನು ಬರೆದ ರೀತಿಯಲ್ಲಿ ಏನೋ ಕೊರತೆಯಿದೆ.

ಬೇರೆ ರೀತಿಯಲ್ಲಿ ಬರೆಯಲು ಬರುತ್ತದೆ ಎನ್ನುವುದಕ್ಕೆ ಅದೇ ಪೋರ್ಟಲ್ಲಿನಲ್ಲೇ ಸಾಕ್ಷಿಯಿದೆ. ಕಾಲೇಜು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಶಿಕ್ಷಣ ಸಚಿವಾಲಯ ನಡೆಸುವ ಕೇಂದ್ರೀಯ ವಲಯದ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 82,000 ಹೊಸಬರಿಗೆ ಅವಕಾಶ. ಪದವಿಗೆ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ 20,000. ಇದನ್ನು ಹಂಚುವುದು ಶಿಕ್ಷಣ ಮಂಡಳಿಗಳ ಲೆಕ್ಕದಲ್ಲಿ: ಆಯಾ ಮಂಡಳಿಯಲ್ಲಿ, ತನ್ನ ವಿಭಾಗದಲ್ಲಿ, ನೂರರಲ್ಲಿ ಎಂಬತ್ತು ಮಂದಿಗಿಂತ ಮುಂದಿದ್ದರೆ ಸಾಕು. ಅರ್ಧ ಹುಡುಗಿಯರಿಗೆ. ಗೋವಾ ಬೋರ್ಡಿನಲ್ಲಿ ಓದಿದವಳು ಗೋವಾದವಳು. ಅಜ್ಜನ ಊರು ಬಾದಾಮಿಯೋ ಕುಷ್ಟಗಿಯೋ ಎಂಬ ವಿಚಾರಣೆ ಇಲ್ಲ. ಕೊರತೆ ಇದಕ್ಕೂ ಇದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಹುಡುಗಿ ಅಂಕಗಳಲ್ಲಿ ಮೇಲಿನ ಐದನೇ ಒಂದು ಭಾಗದೊಳಗೆ ಬರುವುದು ಸುಲಭವಲ್ಲ. ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚೇನೂ ಅಲ್ಲ. ಆದರೂ ಓದಿದ ಸ್ಥಳವನ್ನೇ ನೆಲೆಯೆಂದು ಒಪ್ಪುವ ಇದರ ರಚನೆ ಸರಿಯಾದದ್ದು.

ಸಾಲದ ದಾರಿಯೂ ಇದೆ. ಗೋವಾ ಶಿಕ್ಷಣ ಅಭಿವೃದ್ಧಿ ನಿಗಮ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಉದಾರವಾದ ಯೋಜನೆ, ಆದರೆ ಅಲ್ಲಿಯೂ ವಾಸದ ಪುರಾವೆಯೇ ಬಾಗಿಲು ಕಾಯುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಆಸ್ತಿ ಅಡವಾಗಲಿ ಜಾಮೀನುದಾರನಾಗಲಿ ಇಲ್ಲದೆ ಸಾಲ ಕೊಡಿಸುತ್ತದೆ. ಮನೆಪತ್ರವೇ ಇಲ್ಲದವರಿಗೆ ಇದು ದೊಡ್ಡ ಮಾತು. ಆದರೆ ಅದು ಅನ್ವಯಿಸುವುದು ರ‍್ಯಾಂಕಿಂಗಿನಲ್ಲಿ ಮುಂದಿರುವ ಸಂಸ್ಥೆಗಳಿಗೆ ಮಾತ್ರ; ಒಪ್ಪಿಗೆ ಸಿಕ್ಕಾಗ ಅವು 860 ಇದ್ದವು. ಬಡವರ ಮಕ್ಕಳು ನಡೆದುಕೊಂಡು ಹೋಗುವ ಊರಿನ ಬಿಎ, ಬಿಕಾಂ ಕಾಲೇಜುಗಳಲ್ಲಿ ಹೆಚ್ಚಿನವು ಆ ಪಟ್ಟಿಯ ಆಚೆಗಿವೆ.

ಬಡವರು ಯಾರೆಂಬುದರಲ್ಲೂ ಈ ಅರ್ಜಿಗಳಿಗೆ ಒಮ್ಮತವಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮನೆಯ ವರ್ಷದ ಆದಾಯ ಎರಡೂವರೆ ಲಕ್ಷ ದಾಟಬಾರದು. ಕೇಂದ್ರೀಯ ವಲಯದ್ದಕ್ಕೆ ನಾಲ್ಕೂವರೆ ಲಕ್ಷ. ವಿದ್ಯಾಲಕ್ಷ್ಮಿಯ ಶೇಕಡಾ 3ರ ಬಡ್ಡಿ ರಿಯಾಯಿತಿಗೆ ಎಂಟು ಲಕ್ಷ. ಎಲ್ಲಕ್ಕಿಂತ ಕೆಳಗಿನ ಗೆರೆ ಎಲ್ಲರಿಗಿಂತ ಕೆಳಗೆ ತುಳಿಸಿಕೊಂಡವರಿಗೆ. ಎರಡೂವರೆ ಲಕ್ಷವೆಂದರೆ ತಿಂಗಳಿಗೆ 21 ಸಾವಿರಕ್ಕೂ ಕಡಿಮೆ. ಗಂಡ ಗೌಂಡಿ, ಹೆಂಡತಿ ಅವನ ಕೈಗೆ ಸಿಮೆಂಟು ಕೊಡುವವಳು. ಇಬ್ಬರಿಗೂ ವರ್ಷವಿಡೀ ಕೆಲಸ ಸಿಕ್ಕಿಬಿಟ್ಟರೆ ಮಗಳು ಅನರ್ಹಳಾಗುವ ಸಂಭವವಿದೆ. ಮಳೆಗಾಲದಲ್ಲಿ ಕೆಲಸ ನಿಲ್ಲುವುದೇ ಅವಳ ಅರ್ಹತೆಯನ್ನು ಕಾಪಾಡಬೇಕು.

ಪರಿಹಾರವನ್ನು ದೂರ ಹುಡುಕಬೇಕಿಲ್ಲ. 2020ರ ಜನವರಿ 1ರಂದು ಒಂದು ರಾಷ್ಟ್ರ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಕೂಡಿಕೊಂಡ ಮೊದಲ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಗೋವಾವೂ ಇತ್ತು. ಅಂದಿನಿಂದ ಹುನಗುಂದದ ರೇಷನ್ ಕಾರ್ಡು ವಾಸ್ಕೋದ ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುತ್ತದೆ. ಅಕ್ಕಿಯ ಲೆಕ್ಕವನ್ನು ಎರಡು ರಾಜ್ಯಗಳು ಕೇಂದ್ರದ ಮೂಲಕ ಸರಿಹೊಂದಿಸಿಕೊಳ್ಳಲು ಸಾಧ್ಯವಾದರೆ ವಿದ್ಯಾರ್ಥಿವೇತನದ ಲೆಕ್ಕವನ್ನೂ ಹೊಂದಿಸಿಕೊಳ್ಳಬಹುದು. ಜಾತಿ ಪತ್ರ ಮೂಲ ರಾಜ್ಯದ್ದಿರಲಿ, ಆದಾಯ ಪತ್ರ ದುಡಿಯುವ ರಾಜ್ಯದ್ದಿರಲಿ. ಪೋರ್ಟಲ್ ಎರಡನ್ನೂ ಒಟ್ಟಿಗೆ ಒಪ್ಪಲಿ. ಕೇಂದ್ರದ 60 ಪಾಲು ವಿದ್ಯಾರ್ಥಿಯ ಬೆನ್ನ ಹಿಂದೆಯೇ ಹೋಗಲಿ, 40 ಪಾಲನ್ನು ಮೂಲ ರಾಜ್ಯ ಕೊಡಲಿ. ಗೋವಾದ ಪಟ್ಟಿಯನ್ನು ಮುಟ್ಟಬೇಕಿಲ್ಲ, ಸೀಟುಗಳನ್ನು ಮುಟ್ಟಬೇಕಿಲ್ಲ, ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ. ಬದಲಾಗಬೇಕಾದದ್ದು ಮಾರ್ಗಸೂಚಿಯ ಒಂದು ವಾಕ್ಯ, ಪೋರ್ಟಲ್ಲಿನ ಒಂದು ಕಲಮು.

ಕರ್ನಾಟಕಕ್ಕೂ ಇದರಲ್ಲಿ ಕೆಲಸವಿದೆ. ಹೊರನಾಡ ಕನ್ನಡಿಗರ ಹೆಸರಿನಲ್ಲಿ ಸಮ್ಮೇಳನ, ಸನ್ಮಾನ ನಡೆಯುತ್ತಲೇ ಇವೆ. ಸಿಇಟಿ ಬರೆಯಲು ಹೊರನಾಡಿನವರಿಗೆ ಕನ್ನಡ ಪರೀಕ್ಷೆಯೊಂದಿಗೆ ಪ್ರತ್ಯೇಕ ಅವಕಾಶವೂ ಇದೆ. ಹಾಗೆಯೇ ಎಸ್‌ಎಸ್‌ಪಿಯಲ್ಲಿ ಗೋವಾ ಮಾಮಲೇದಾರರ ಆದಾಯ ಪತ್ರವನ್ನು ಒಪ್ಪಿಕೊಳ್ಳುವುದು ಬೆಂಗಳೂರಿನ ಒಂದು ಆದೇಶದಿಂದ ಆಗುವ ಕೆಲಸ. ಗೋವಾದ ಒಪ್ಪಿಗೆಗೆ ಕಾಯಬೇಕಿಲ್ಲ, ದಿಲ್ಲಿಯ ಮಾರ್ಗಸೂಚಿ ಬದಲಾಗುವ ತನಕವೂ ಕಾಯಬೇಕಿಲ್ಲ. ಈ ವರ್ಷ ಹನ್ನೆರಡನೇ ತರಗತಿ ಮುಗಿಸಿದವರ ಪಾಲಿಗೆ ಹತ್ತಿರವಿರುವ ಬಾಗಿಲು ಇದೇ. ಅದರ ಕೀಲಿ ಕರ್ನಾಟಕದ ಕೈಯಲ್ಲೇ ಇದೆ.