ಮಖ್ದೂಮಾ-ಎ-ಜಹಾನ್: ಚರಿತ್ರಕಾರರು ಕಂಡ ರಾಜಮಾತೆ

ಬಹಮನಿ ಅರಸರ ವಿಷಯವಾಗಿ ಬರೆದವರೆಲ್ಲರೂ ಮಹಮೂದ ಗಾವಾನನ ಬಳಿಗೆ ಬಂದೊಡನೆ ಲೇಖನಿಯನ್ನು ಸಾವಕಾಶವಾಗಿ ನಡೆಸುವರು. ಅದು ಯೋಗ್ಯವೇ ಸರಿ. ಆದರೆ ಅದೇ ಕಾಲದಲ್ಲಿ ರಾಜ್ಯಸೂತ್ರವನ್ನು ಹಿಡಿದಿದ್ದ ಒಬ್ಬ ಸ್ತ್ರೀಯ ಸಂಗತಿಯನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವರು. ಮೂರನೆಯ ಮುಹಮ್ಮದ ಶಹನ ತಾಯಿಯಾದ ಈಕೆಯನ್ನು ಗ್ರಂಥಗಳು ಮಖ್ದೂಮಾ-ಎ-ಜಹಾನ್ ಎಂದು ಕರೆಯುವವು. ಲೋಕದಿಂದ ಸೇವೆಗೊಳ್ಳುವವಳೆಂದು ಅದರ ಅರ್ಥ. ಅದು ಬಿರುದೇ ಹೊರತು ಹೆಸರಲ್ಲ. ನರ್ಗಿಸ್ ಬೇಗಮ್ ಎಂಬ ಹೆಸರನ್ನು ಈಚಿನ ಇತಿಹಾಸಕಾರರು ಹೇಳುವರು.

1461ರಲ್ಲಿ ಹುಮಾಯೂನ ಶಹನು ತೀರಿಕೊಂಡನು. 'ಜಾಲಿಮ್', ಅಂದರೆ ಕ್ರೂರಿ, ಎಂದು ಅಪಕೀರ್ತಿ ಪಡೆದ ಅರಸನಾತ. ಎಂಟು ವರ್ಷದ ನಿಜಾಮ ಶಹನು ಸಿಂಹಾಸನವೇರಿದನು. ರಾಜ್ಯಭಾರವು ರಾಜಮಾತೆ, ಖ್ವಾಜಾ ಜಹಾನ ತುರ್ಕ, ಮಹಮೂದ ಗಾವಾನ ಈ ಮೂವರ ಮೇಲೆ ಬಿತ್ತು. ವಿಜಾಪುರದಲ್ಲಿ ಕುಳಿತು ಬರೆದ ಫಿರಿಸ್ತನು ಈ ವ್ಯವಸ್ಥೆಯನ್ನು ವರ್ಣಿಸಿರುವನು. ಮಂತ್ರಿಗಳಿಬ್ಬರೂ ದಿನವೂ ಅರಮನೆಗೆ ಬಂದು, ಮಾಹ್ ಬಾನು ಎಂಬ ಹೆಂಗಸಿನ ಮುಖಾಂತರ ರಾಜಮಾತೆಗೆ ವರ್ತಮಾನ ತಿಳಿಸಿ ಅಪ್ಪಣೆ ಪಡೆಯುವರು. ಆಮೇಲೆ ಬಾಲರಾಜನನ್ನು ದರ್ಬಾರಿನಲ್ಲಿ ಕೂರಿಸಿ ಕೆಲಸ ನಡೆಸುವರು. ಈ ಚಿಕ್ಕ ವಿವರವನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುವರು. ನನಗೆ ತೋರುವಂತೆ ಇಡೀ ವೃತ್ತಾಂತದ ಕೀಲಿ ಇಲ್ಲಿಯೇ ಇದೆ. ಪರದೆಯ ಹಿಂದಿನ ಅಪ್ಪಣೆ ಮೊದಲು, ದರ್ಬಾರು ಆಮೇಲೆ. ಹೀಗಿದ್ದರೂ ಆ ವರ್ಷಗಳನ್ನು ಗಾವಾನನ ಆಳಿಕೆಯೆಂದೇ ಹೇಳುವುದು ರೂಢಿಯಾಗಿದೆ.

ಹೆಂಗಸು ಮತ್ತು ಮಗು ಆಳುವ ನಾಡೆಂದು ನೆರೆಯವರು ಸುಮ್ಮನಿರಲಿಲ್ಲ. ಒರಿಸ್ಸಾದ ಸೈನ್ಯ ಬೀದರದ ಸಮೀಪಕ್ಕೆ ಬಂದು ಹಿಮ್ಮೆಟ್ಟಿತು. 1462ರಲ್ಲಿ ಮಾಳವದ ಮಹಮೂದ ಖಿಲ್ಜಿಯು ಕಂಧಾರದ ಹತ್ತಿರ ಗೆದ್ದು, ಬೀದರ ಪಟ್ಟಣವನ್ನೇ ಹಿಡಿದನು. ರಾಜಮಾತೆಯು ಮಗನೊಡನೆ ಭೀಮಾತೀರದ ಫಿರೋಜಾಬಾದಿಗೆ ಸರಿದಳು. ಇದನ್ನು ಪಲಾಯನವೆಂದು ಕರೆಯುವುದು ಸುಲಭ. ಅರಸನು ಶತ್ರುವಿನ ಕೈಗೆ ಸಿಕ್ಕಿದ್ದರೆ ಗುಜರಾತಿನ ಸುಲ್ತಾನನು ಯಾರ ನೆರವಿಗೆ ಬರಬೇಕಾಗಿತ್ತು? ಆ ನೆರವು ಬಂದಿತು. ಖಿಲ್ಜಿಯು ಗೊಂಡವನದ ಕಾಡುಹಾದಿ ಹಿಡಿದು ಹೋದನು.

ಮರುವರ್ಷ, 1463ರಲ್ಲಿ, ನಿಜಾಮ ಶಹನು ತನ್ನ ಮದುವೆಯ ರಾತ್ರಿಯೇ ಸತ್ತನು. ಆ ತಾಯಿಯ ದುಃಖದ ಬಗ್ಗೆ ಚರಿತ್ರಕಾರರು ಹೆಚ್ಚು ಹೇಳುವುದಿಲ್ಲ. ಎರಡನೆಯ ಮಗ ಮುಹಮ್ಮದನಿಗೆ ಪಟ್ಟವಾಯಿತು; ಅವನೂ ಬಾಲಕನೇ.

ಇನ್ನು ಆಕೆಯ ಮೇಲಿನ ಕಠಿಣ ಆರೋಪಕ್ಕೆ ಬರೋಣ. ಖ್ವಾಜಾ ಜಹಾನನು ಅಧಿಕಾರವನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತಿರುವನೆಂದು ರಾಜಮಾತೆಗೆ ಸಂಶಯ ಬಲಿಯಿತು. 1466ರ ಸುಮಾರಿಗೆ ತುಂಬಿದ ದರ್ಬಾರಿನಲ್ಲಿ, ಅಂತಃಪುರದ ಇಬ್ಬರು ಸ್ತ್ರೀಯರು ಬಂದು, ನಿನ್ನೆ ನಿಶ್ಚಯಿಸಿದ ಕಾರ್ಯವನ್ನು ಈಗ ಮಾಡಬೇಕೆಂದು ಬಾಲರಾಜನಿಗೆ ನೆನಪಿಸಿದರೆಂದೂ, ಅವನ ಮಾತಿನಂತೆ ಮಂತ್ರಿಯನ್ನು ಅಲ್ಲಿಯೇ ಕೊಂದರೆಂದೂ ಫಿರಿಸ್ತನ ಹೇಳಿಕೆ. ಆಕೆಯ ಪಕ್ಷದವರು ಇದನ್ನು ರಾಜನೀತಿಯೆಂದು ಸಮರ್ಥಿಸುವರು. ನಾನು ಒಪ್ಪಲಾರೆ. ವಿಚಾರಣೆಯಿಲ್ಲದ ವಧೆಯು ಹುಮಾಯೂನನಲ್ಲಿ ಕ್ರೌರ್ಯವಾದರೆ ಅವನ ರಾಣಿಯಲ್ಲಿ ನೀತಿಯಾಗಲಾರದು. ಆದರೆ ಇದೊಂದರಿಂದ ಆಕೆಯ ಉಳಿದ ಕೆಲಸವನ್ನೆಲ್ಲ ಅಳಿಸುವುದೂ ನ್ಯಾಯವಲ್ಲ.

ಮಗನು ಪ್ರಾಯಕ್ಕೆ ಬಂದ ಮೇಲೆ ಆಕೆ ತಾನಾಗಿ ಅಧಿಕಾರ ಬಿಟ್ಟಳು. ಇದು ಅರಮನೆಗಳಲ್ಲಿ ಅಪರೂಪ. 1472ರಲ್ಲಿ ಬೆಳಗಾವಿಯ ದಂಡಯಾತ್ರೆಯಲ್ಲಿ ಮಗನ ಪಾಳೆಯದಲ್ಲಿಯೇ ಸತ್ತಳು; ದೇಹವನ್ನು ಬೀದರಕ್ಕೆ ತಂದರು. ಅಷ್ಟೂರಿನಲ್ಲಿ ಸಿಡಿಲು ಸೀಳಿದ ಹುಮಾಯೂನನ ಗುಮ್ಮಟವನ್ನು ನೋಡಲು ಜನ ನಿಲ್ಲುವರು. ಅದೇ ಸಾಲಿನಲ್ಲಿ ಮಲಿಕಾ-ಎ-ಜಹಾನಳದೆನ್ನುವ ಗುಮ್ಮಟದ ಮುಂದೆ ನಿಲ್ಲುವವರು ವಿರಳ.

ತಾಯಿ ಬದುಕಿದ್ದರೆ 1481ರಲ್ಲಿ ಗಾವಾನನ ಕೊಲೆಯಾಗುತ್ತಿರಲಿಲ್ಲವೆಂದು ಹೇಳುವವರಿದ್ದಾರೆ. ಸುಳ್ಳು ಪತ್ರವನ್ನು ನಂಬಿ, ವಿಚಾರಣೆಯಿಲ್ಲದೆ ಆ ವೃದ್ಧ ಮಂತ್ರಿಯನ್ನು ಕೊಲ್ಲಿಸಿದ ಅರಸನು, ಹುಡುಗನಾಗಿದ್ದಾಗ ಖ್ವಾಜಾ ಜಹಾನನ ವಧೆಗೆ ಬಾಯಿಂದ ಅಪ್ಪಣೆ ಕೊಟ್ಟವನೇ ಆಗಿದ್ದನೆಂಬುದನ್ನು ಅವರು ಲೆಕ್ಕಕ್ಕೆ ತಂದುಕೊಂಡಂತಿಲ್ಲ.