ಶುಗರ್ ಇರೋರಿಗೆ ಶುಗರ್ ಇಲ್ಲದ ಬಿಸ್ಕತ್ತು

ನಮ್ಮ ಕಡೆ ‘ಅವರಿಗೆ ಶುಗರ್ ಇದೆ’ ಅಂದರೆ ಕಾಯಿಲೆ. ‘ಇದರಲ್ಲಿ ಶುಗರ್ ಇಲ್ಲ’ ಅಂದರೆ ಹೆಚ್ಚುಕಮ್ಮಿ ಔಷಧಿ. ಕಾಯಿಲೆಗೇ ಸಕ್ಕರೆಯ ಹೆಸರಿಟ್ಟುಬಿಟ್ಟಿದ್ದರಿಂದ ಎಲ್ಲಾ ಅಪರಾಧವೂ ಸಕ್ಕರೆ ತಲೆಗೆ ಬಂತು, ಪಕ್ಕದಲ್ಲೇ ಕೂತಿದ್ದ ಮೈದಾ ಸುಮ್ಮನೆ ತಪ್ಪಿಸಿಕೊಂಡಿತು. ರಾಜಾಜಿನಗರದ ನವರಂಗ್‌ನಿಂದ ಹಿಡಿದು ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರದ ತನಕ ಬೇಕರಿಗಳಲ್ಲಿ ಈಗ ‘ಶುಗರ್ ಫ್ರೀ’ ಅನ್ನೋ ಚೀಟಿ ಅಂಟಿಸಿದ ಒಂದು ಸಾಲು ಡಬ್ಬ ಇದ್ದೇ ಇರುತ್ತೆ. ನನ್ನ ತಕರಾರು ಆ ಚೀಟಿ ಬಗ್ಗೆ.

ಮೊದಲು ಲೆಕ್ಕ ನೋಡೋಣ. ನೂರು ಗ್ರಾಂ ಮೈದಾ, ನಲವತ್ತು ಗ್ರಾಂ ಪುಡಿ ಸಕ್ಕರೆ, ಬೇಕಾದಷ್ಟು ಬೆಣ್ಣೆ: ಇದು ಮನೆಯಲ್ಲಿ ಮಾಡೋ ಒಂದು ತಟ್ಟೆ ಬೆಣ್ಣೆ ಬಿಸ್ಕತ್ತು. ಮೈದಾದಲ್ಲಿ ಕಾರ್ಬೋಹೈಡ್ರೇಟ್ ಸುಮಾರು 74 ಗ್ರಾಂ, ಸಕ್ಕರೆಯಲ್ಲಿ 40. ಒಟ್ಟು 114. ಸಕ್ಕರೆಯನ್ನು ಪೂರ್ತಿ ತೆಗೆದು ಬೇರೆ ಏನೋ ಸಿಹಿ ಹಾಕಿದರೂ 74 ಅಲ್ಲೇ ಉಳಿಯುತ್ತೆ. ಅಂದರೆ ಮೂರರಲ್ಲಿ ಎರಡು ಪಾಲು ಎಲ್ಲೂ ಹೋಗಿಲ್ಲ. ಸಕ್ಕರೆ ಬದಲು ಅಷ್ಟೇ ಬೆಲ್ಲ ಹಾಕಿದರೆ? ಬೆಲ್ಲದಲ್ಲಿ ನೂರಕ್ಕೆ ಸುಮಾರು 85 ಗ್ರಾಂ ಕಾರ್ಬೋಹೈಡ್ರೇಟ್. ಒಟ್ಟು 108. ಆರು ಗ್ರಾಂ ಉಳಿತಾಯಕ್ಕೆ ‘ನಾಟಿ ಬೆಲ್ಲ, ಶುಗರ್ ಪೇಷೆಂಟ್‌ಗೂ ಆಗುತ್ತೆ’ ಅನ್ನೋ ಬೋರ್ಡು ಹಾಕೋದು ನನ್ನ ಪ್ರಕಾರ ಸುಳ್ಳು. ಬೆಲ್ಲದ ರುಚಿ ಬೇಕು ಅಂತ ಬೆಲ್ಲ ತಿನ್ನಿ, ಅದು ಬೇರೆ ಮಾತು. ರಾಗಿ ಬಿಸ್ಕತ್ತಿನದೂ ಇದೇ ಕಥೆ. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಇದೆ, ಮೈದಾಕ್ಕಿಂತ ಎಷ್ಟೋ ಮೇಲು. ಆದರೆ ನೂರಕ್ಕೆ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟೂ ಇದೆ.

ಹಾಗಾಗಿ ಸಕ್ಕರೆಗೆ ಬದಲು ಏನು ಅನ್ನೋದು ಎರಡನೇ ಪ್ರಶ್ನೆ. ಹಿಟ್ಟಿಗೆ ಬದಲು ಏನು ಅನ್ನೋದು ಮೊದಲನೇದು. ಬಾದಾಮಿ ಪುಡಿ ದುಬಾರಿ ಅನ್ನೋರಿಗೆ ನಮ್ಮ ಅಡುಗೆಮನೆಯಲ್ಲೇ ಕಡಲೆಕಾಯಿ ಬೀಜ, ಎಳ್ಳು, ಅಗಸೆ, ಒಣಕೊಬ್ಬರಿ ಇವೆ. ಕಡಲೆಬೀಜ ಹುರಿದು, ಸಿಪ್ಪೆ ತೆಗೆದು, ಎಣ್ಣೆ ಬಿಡದ ಹಾಗೆ ತಡೆತಡೆದು ಮಿಕ್ಸಿಯಲ್ಲಿ ಪುಡಿ ಮಾಡಿದರೆ ಬಿಸ್ಕತ್ತಿಗೆ ಸಾಕು.

ಇನ್ನು ಸಿಹಿ. ಸಕ್ಕರೆ ಬರೀ ಸಿಹಿಗಲ್ಲ ಅನ್ನೋದು ಓವನ್ ಮುಂದೆ ನಿಂತವರಿಗೆ ಗೊತ್ತು. ಬೆಣ್ಣೆ ಜೊತೆ ಉಜ್ಜಿದಾಗ ಗಾಳಿ ಹಿಡಿದಿಡೋದು, ಕೇಕನ್ನು ಒದ್ದೆಯಾಗಿಡೋದು, ಮೇಲೆ ಕಂದು ಬಣ್ಣ ತರೋದು, ಬನ್ನಿನ ಯೀಸ್ಟಿಗೆ ಊಟ ಹಾಕೋದು ಎಲ್ಲಾ ಅದರದೇ ಕೆಲಸ. ಈ ಕೆಲಸಗಳಲ್ಲಿ ಯಾರು ಎಷ್ಟು ಮಾಡ್ತಾರೆ ಅನ್ನೋದೇ ನನ್ನ ವಿಮರ್ಶೆಯ ಅಳತೆಗೋಲು.

ಆಸ್ಪರ್ಟೇಮ್ ಕಾಫಿಗೆ ಸರಿ. ಓವನ್ ಬಿಸಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಚಿಟಿಕೆಯಷ್ಟೇ ಬೇಕಾಗೋದರಿಂದ ಪುಡಿಯ ಪ್ಯಾಕೆಟ್ಟಿನಲ್ಲಿ ತೂಕಕ್ಕೆ ಅಂತ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರೋದುಂಟು. ಅದು ಪಿಷ್ಟದಿಂದಲೇ ಮಾಡಿದ್ದು, ರಕ್ತದ ಸಕ್ಕರೆ ಏರಿಸುವಂಥದ್ದು. 120 ಡಿಗ್ರಿ ಮೇಲೆ ಕಾಯಿಸಿದಾಗ ಅದರಿಂದ ಬೇಡದ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದು ಅಂತ ಜರ್ಮನಿಯ ಸರ್ಕಾರಿ ಸಂಸ್ಥೆ 2019ರಲ್ಲೇ ಎಚ್ಚರಿಸಿದೆ. ಬೇಕಿಂಗಿಗೆ ನಾನು ಮುಟ್ಟಲ್ಲ. ಸ್ಟೀವಿಯಾ ಒಂದನ್ನೇ ಹಾಕಿದರೆ ಕೊನೆಗೆ ನಾಲಿಗೆ ಮೇಲೆ ಕಹಿ ನಿಲ್ಲುತ್ತೆ, ಹಿಟ್ಟಿಗೆ ಮೈಯೂ ಬರಲ್ಲ.

ಮಾಲ್ಟಿಟಾಲ್ ನಡವಳಿಕೆಯಲ್ಲಿ ಸಕ್ಕರೆಗೆ ಬಲು ಹತ್ತಿರ. ಮಾರಾಟಕ್ಕೆ ಮಾಡೋರಿಗೆ ಅದಕ್ಕೇ ಇಷ್ಟ. ಆದರೆ ಕ್ಯಾಲೊರಿ ಸಕ್ಕರೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇದೆ, ರಕ್ತದ ಸಕ್ಕರೆಯನ್ನೂ ತಕ್ಕಮಟ್ಟಿಗೆ ಏರಿಸುತ್ತೆ, ಜಾಸ್ತಿ ತಿಂದರೆ ಹೊಟ್ಟೆ ಗುಡುಗುಡು. ಇಂಥ ಪಾಲಿಯಾಲ್‌ಗಳು ನೂರಕ್ಕೆ ಹತ್ತು ದಾಟಿದರೆ ಭೇದಿಯಾಗಬಹುದು ಅಂತ ಪ್ಯಾಕೆಟ್ಟಿನ ಮೇಲೆ ಬರೆಯಲೇಬೇಕು ಅನ್ನೋ ನಿಯಮ ನಮ್ಮ ದೇಶದಲ್ಲಿದೆ. ಬಿಡಿಯಾಗಿ ತೂಗಿ ಕೊಡೋ ಬಿಸ್ಕತ್ತಿಗೆ ಪ್ಯಾಕೆಟ್ಟೇ ಇಲ್ಲವಲ್ಲ!

ಕ್ಸೈಲಿಟಾಲ್ ರುಚಿ ಚೆನ್ನ. ಆದರೆ ನಾಯಿಗೆ ಅದು ವಿಷ. ಬೆಳಿಗ್ಗೆ ವಾಕಿಂಗ್ ಹೊರಟಾಗ ಬೀದಿನಾಯಿಗೆ ಬಿಸ್ಕತ್ತು ಹಾಕೋ ಪದ್ಧತಿ ಇರೋ ನಮ್ಮ ಬಡಾವಣೆಗಳಲ್ಲಿ ಅದು ಮನೆಯಲ್ಲಿ ಇಲ್ಲದಿರೋದೇ ಒಳ್ಳೇದು.

ಉಳಿದದ್ದು ಎರಿಥ್ರಿಟಾಲ್. ಕ್ಯಾಲೊರಿ ಇಲ್ಲವೇ ಇಲ್ಲ ಅನ್ನಬಹುದು, ರಕ್ತದ ಸಕ್ಕರೆ ಏರಲ್ಲ. ಸಿಹಿ ಮಾತ್ರ ಸಕ್ಕರೆಯ ನೂರಕ್ಕೆ ಎಪ್ಪತ್ತು. ಕಂದು ಬಣ್ಣ ಬರಲ್ಲ, ಪೆಪ್ಪರ್‌ಮಿಂಟ್ ತಿಂದ ಹಾಗೆ ಬಾಯಿ ತಣ್ಣಗಾಗುತ್ತೆ, ಕಾಳುಕಾಳಾಗಿ ಹಾಕಿದರೆ ಆರಿದ ಮೇಲೆ ಮತ್ತೆ ಹರಳುಗಟ್ಟಿ ಮರಳು ಜಗಿದಂತಾಗುತ್ತೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಚಿಟಿಕೆ ಸ್ಟೀವಿಯಾ ಸೇರಿಸಿದರೆ ಒಂದರ ಕುಂದನ್ನು ಇನ್ನೊಂದು ಮುಚ್ಚುತ್ತೆ. ಏಲಕ್ಕಿ, ಹುರಿದ ಕಡಲೆಬೀಜ ಇದ್ದರೆ ಆ ತಣ್ಣನೆಯೂ ಅಷ್ಟಾಗಿ ಗೊತ್ತಾಗಲ್ಲ.

ಆದರೆ 2023ರ ಫೆಬ್ರವರಿಯಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನವರು, ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಕಂಡಿತು ಅಂತ ಪ್ರಕಟಿಸಿದರು. ಜೊತೆಗಿದ್ದದ್ದು ಅಷ್ಟೇ, ಅದರಿಂದಲೇ ಆಯಿತು ಅಂತ ಸಾಬೀತಾಗಿಲ್ಲ. ನಮ್ಮ ಮೈಯೇ ಸ್ವಲ್ಪ ಎರಿಥ್ರಿಟಾಲ್ ತಯಾರಿಸುತ್ತೆ. ಆದರೂ ಸಕ್ಕರೆ ಕಾಯಿಲೆ ಇರೋರಿಗೆ ಹೃದಯದ ಭಯ ಮೊದಲೇ ಇರೋದರಿಂದ ಇದನ್ನು ತಳ್ಳಿಹಾಕೋ ಹಾಗಿಲ್ಲ. ಅವರು ಎಂಟು ಜನರಿಗೆ ಕುಡಿಸಿ ನೋಡಿದ್ದು ಒಂದು ಸಲಕ್ಕೆ 30 ಗ್ರಾಂ. ಮೇಲಿನ ಬಿಸ್ಕತ್ತಿಗೆ ಬರೀ ಎರಿಥ್ರಿಟಾಲ್ ಹಾಕಿದರೆ ಸುಮಾರು 57 ಗ್ರಾಂ, ಹನ್ನೆರಡು ಬಿಸ್ಕತ್ತಾದರೆ ಒಂದಕ್ಕೆ ಐದು ಗ್ರಾಂ ಒಳಗೆ. ಎರಡು ತಿಂದರೆ ಹತ್ತರೊಳಗೆ. ಆರು ತಿಂದರೆ ಮೂವತ್ತರ ಹತ್ತಿರ. ‘ಶುಗರ್ ಫ್ರೀ’ ಚೀಟಿಯ ನಿಜವಾದ ಅಪಾಯ ಇಲ್ಲೇ ಇರೋದು: ಎರಡು ತಿನ್ನೋರು ಆರು ತಿಂತಾರೆ. ತೂಕ ಇಳಿಸೋಕೆ ಅಂತ ಸ್ಟೀವಿಯಾ, ಸುಕ್ರಲೋಸ್ ಥರದವನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಮೇ ತಿಂಗಳಲ್ಲಿ ಹೇಳಿತು. ಆ ಸಲಹೆ ಈಗಾಗಲೇ ಮಧುಮೇಹ ಇರೋರಿಗೆ ಅನ್ವಯಿಸಲ್ಲ ಅಂತಲೂ ಹೇಳಿತು. ವಾಟ್ಸಾಪಿನಲ್ಲಿ ಓಡಾಡೋದು ಮೊದಲ ಸಾಲು ಮಾತ್ರ.

ನಮ್ಮ ಮನೆಯಲ್ಲಿ ಇಬ್ಬರಿಗೆ ಶುಗರ್ ಇರೋದರಿಂದ ನನ್ನ ತೀರ್ಮಾನ ಹೀಗೆ. ಬಿಸ್ಕತ್ತಿಗೆ ಕಡಲೆಬೀಜದ ಪುಡಿ, ಎರಿಥ್ರಿಟಾಲ್, ಚಿಟಿಕೆ ಸ್ಟೀವಿಯಾ, ಒಬ್ಬರಿಗೆ ಎರಡೇ. ಖಾರಾ ಬನ್ನಿನ ಹಿಟ್ಟಿಗೆ ಒಂದು ಚಮಚ ನಿಜವಾದ ಸಕ್ಕರೆ ಇರಲಿ, ಬಹುಪಾಲು ಯೀಸ್ಟೇ ತಿಂದು ಮುಗಿಸುತ್ತೆ. ಲೆಕ್ಕ ಇಡಬೇಕಾದ್ದು ಬನ್ನಿನ ಮೈದಾವನ್ನು. ಅಯ್ಯಂಗಾರ್ ಬೇಕರಿಯ ಹನಿ ಕೇಕಿಗೆ ಬದಲಿ ಹುಡುಕೋದು ವ್ಯರ್ಥ. ಪಾಕದಲ್ಲಿ ನೆನೆದು, ಮೇಲೆ ಜಾಮು, ಕೊಬ್ಬರಿ ತುರಿ ಹೊದ್ದ ಅದರ ಜೀವವೇ ಸಕ್ಕರೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಅಸಲಿಯನ್ನೇ ತಂದು ನಾಲ್ಕು ಜನ ಒಂದು ತುಂಡು ಹಂಚಿಕೊಳ್ಳೋದು ಮೇಲು.

ಬೇಕರಿಯವರನ್ನು ನಾನು ದೂರಲ್ಲ, ಅವರೂ ಗಿರಾಕಿ ಕೇಳಿದ್ದನ್ನೇ ಮಾಡ್ತಾರೆ. ಬಿಡಿ ಸ್ವೀಟಿನ ಮುಂದೆ ಎಲ್ಲಿ ತನಕ ತಿನ್ನಬಹುದು ಅನ್ನೋ ತಾರೀಖು ಹಾಕಬೇಕು ಅನ್ನೋ ನಿಯಮ 2020ರ ಅಕ್ಟೋಬರಿನಲ್ಲಿ ಬಂತು. ಹಾಗೇ ‘ಶುಗರ್ ಫ್ರೀ’ ಡಬ್ಬದ ಮೇಲೆ ಎರಡು ವಿಷಯ ಬರೆಯಲಿ: ಯಾವ ಹಿಟ್ಟು, ಯಾವ ಸಿಹಿ. ಅಲ್ಲಿ ತನಕ ನಾವೇ ಕೇಳೋಣ. ‘ಅಣ್ಣಾ, ಇದು ಮೈದಾನಾ?’ ಅಂತ ಕೇಳೋದಕ್ಕೆ ದುಡ್ಡೇನೂ ಕೊಡಬೇಕಾಗಿಲ್ಲ.